14ರ ರಾತ್ರಿಯ ಆಟ, 15ರ ವಿಡಿಯೊ

(ಹಳೆಯ ವಿಡಿಯೊಗಳನ್ನು ಕನ್ವರ್ಟ್ ಮಾಡಿ ಜೋಪಾನವಾಗಿಡುವ ಗೀಳು ಇರುವ ಕೆಲವರು ಸೇರಿದ್ದಾಗ ನಾನು ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಮೊದಲು ಒಂದು ಪೆನ್‌ಡ್ರೈವ್ ಕಥೆ.

ನಮ್ಮ ಕಡೆ ನಿವೃತ್ತ ಮಾಷ್ಟ್ರೊಬ್ಬರಿದ್ದಾರೆ. ಯಕ್ಷಗಾನದ ಹುಚ್ಚು. 2002ರ ಸುಮಾರಿಗೆ ಒಂದು ಮಿನಿಡಿವಿ ಕ್ಯಾಮೆರಾ, ಅಂದರೆ ಸಣ್ಣ ಡಿಜಿಟಲ್ ಕ್ಯಾಸೆಟ್ಟಿನ ಕ್ಯಾಮೆರಾ, ತೆಗೆದುಕೊಂಡರು. ಸುತ್ತಮುತ್ತ ಎಲ್ಲಿ ಬಯಲಾಟ ಇದ್ದರೂ ಟ್ರೈಪಾಡ್ ಹೊತ್ತುಕೊಂಡು ಹೋಗಿ ರಂಗಸ್ಥಳದ ಎದುರು ನಿಲ್ಲಿಸುತ್ತಿದ್ದರು. ಒಂದು ಕ್ಯಾಸೆಟ್ಟಿಗೆ ಒಂದು ಗಂಟೆ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮಂಗಳ ಹಾಡುವ ಆಟಕ್ಕೆ ಎಂಟೊಂಬತ್ತು ಕ್ಯಾಸೆಟ್ಟು ಬೇಕು. ಐದಾರು ವರ್ಷದಲ್ಲಿ ಒಂದು ಗೋಣಿಚೀಲ ತುಂಬಿತು.

ಕ್ಯಾಮೆರಾ ಕೆಟ್ಟಿತು. ಕ್ಯಾಸೆಟ್ಟಿಗೆ ಬೂಸಲು ಹಿಡಿಯಲು ಶುರುವಾಯಿತು. ಮಗ ಊರಿಗೆ ಬಂದಾಗ ಅರ್ಧದಷ್ಟನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟು ಎಂಪಿ4 ಮಾಡಿಸಿ, ಪೆನ್‌ಡ್ರೈವಿನಲ್ಲಿ ಹಾಕಿಸಿ, ಅಪ್ಪನ ಕೈಗೆ ಕೊಟ್ಟು ಹೋದ. ಮಾಷ್ಟ್ರು ಅದನ್ನು ನನ್ನ ಹತ್ತಿರ ತಂದರು. "ಇದರಲ್ಲಿ 2004ನೇ ಇಸವಿ ಫೆಬ್ರವರಿಯ ಆಟ ಯಾವುದು, ಹುಡುಕಿ ಕೊಡು ಮಾರಾಯ" ಅಂದರು.

ನೋಡಿದೆ. ಫೈಲುಗಳ ಹೆಸರು ವಿಡಿಯೊ 1, ವಿಡಿಯೊ 2, ವಿಡಿಯೊ 3... ತಾರೀಖು ನೋಡಿದರೆ ಎಲ್ಲವೂ ಜುಲೈ ತಿಂಗಳ ಒಂದೇ ವಾರದ್ದು. ಜುಲೈ! ಆಟದ ಕಾಲ ಮುಗಿಯುವ ಪತ್ತನಾಜೆ ಕಳೆದು, ಗೆಜ್ಜೆ ಬಿಚ್ಚಿಟ್ಟು, ಮೇಳಗಳೆಲ್ಲ ಮನೆ ಸೇರಿದ ಮೇಲೆ ಆ ಮಳೆಯಲ್ಲಿ ಬಯಲಾಟ ಯಾರು ಆಡುತ್ತಾರೆ? ಅದು ಅಂಗಡಿಯವರು ಕನ್ವರ್ಟ್ ಮಾಡಿದ ವಾರ. ಆಟದ ತಾರೀಖಲ್ಲ.

ಅಂಗಡಿಯವರನ್ನು ಬೈಯಲು ನಾನು ಇಲ್ಲಿ ಬಂದಿಲ್ಲ. ಅವರಿಗೆ ಹೇಳಿದ್ದು "ಮೊಬೈಲಿನಲ್ಲಿ ನೋಡುವ ಹಾಗೆ ಮಾಡಿಕೊಡಿ" ಅಂತ. ಮಾಡಿಕೊಟ್ಟಿದ್ದಾರೆ. ಚಿತ್ರ ಚೆನ್ನಾಗಿದೆ, ಚೆಂಡೆಯ ಪೆಟ್ಟು ಸ್ಪಷ್ಟ ಕೇಳುತ್ತದೆ. ಕಷ್ಟ ಇರುವುದೇ ಅಲ್ಲಿ. ಚಿತ್ರ ಹಾಳಾಗಿದ್ದರೆ ಅವತ್ತೇ ಗೊತ್ತಾಗಿ ಜಗಳ ಆಗುತ್ತಿತ್ತು. ಯಾವಾಗ, ಎಲ್ಲಿ, ಯಾರು ಅನ್ನುವ ವಿವರ ಮಾತ್ರ ಸದ್ದಿಲ್ಲದೆ ಹೋಗುತ್ತದೆ. ಹೋದದ್ದು ಗೊತ್ತಾಗುವುದು ಹತ್ತು ವರ್ಷದ ಮೇಲೆ, ಯಾರೋ ಹುಡುಕಲು ಕೂತಾಗ.

ಈ ವಿವರಗಳಿಗೆ ಮೆಟಾಡೇಟಾ ಅನ್ನುತ್ತಾರೆ. ನಾನು ವಿಡಿಯೊದ ಜಾತಕ ಅನ್ನುತ್ತೇನೆ. ಹುಟ್ಟಿದ ದಿನ, ಗಳಿಗೆ, ಊರು. ಜಾತಕದ ಹಾಗೇ ಇದರಲ್ಲೂ ಗಳಿಗೆ ತಪ್ಪಿದರೆ ಎಲ್ಲ ತಪ್ಪುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಕ್ಯಾಸೆಟ್ಟಿನ ಒಳಗೆ ಏನಿತ್ತು ನೋಡೋಣ. ಡಿವಿ ಅನ್ನುವ ಪದ್ಧತಿ ಬಂದದ್ದು 1995ರಲ್ಲಿ. ಅದರಲ್ಲಿ ಒಂದು ಸೊಗಸಾದ ಏರ್ಪಾಡು ಇದೆ. ಪ್ರತಿಯೊಂದು ಫ್ರೇಮಿನ ಜೊತೆಗೂ ಚಿತ್ರ ತೆಗೆದ ತಾರೀಖು ಮತ್ತು ಸಮಯವನ್ನು ಕ್ಯಾಮೆರಾ ಬರೆದಿಡುತ್ತದೆ. ನಮ್ಮ ದೇಶದ ಪಾಲ್ ಅನ್ನುವ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಅಂದರೆ ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ 90,000 ಫ್ರೇಮ್, ತಾರೀಖೂ ಅಷ್ಟು ಸಲ. ಪರದೆಯ ಮೇಲೆ ಕಾಣುವುದಿಲ್ಲ, ಒಳಗೆ ಇರುತ್ತದೆ. ಕ್ಯಾಮೆರಾದಲ್ಲಿ ಡೇಟಾ ಕೋಡ್ ಅನ್ನುವ ಗುಂಡಿ ಒತ್ತಿದರೆ ಕಾಣುತ್ತಿತ್ತು, ನೆನಪಿದೆಯಾ? ಬಹಳ ಜನ ಅದನ್ನು ಒತ್ತಿಯೇ ಇರಲಿಲ್ಲ. ಹಳೆಯ ವಿಎಚ್‌ಎಸ್‌ನಲ್ಲಿ ಈ ಭಾಗ್ಯ ಇರಲಿಲ್ಲ. ಅಲ್ಲಿ ತಾರೀಖು ಬೇಕಾದರೆ ಚಿತ್ರದ ಮೂಲೆಯಲ್ಲೇ ಅಚ್ಚೊತ್ತಬೇಕಿತ್ತು. ವಧುವಿನ ಸೀರೆಯ ಅಂಚಿನ ಮೇಲೆ ಹಳದಿ ಅಕ್ಷರದಲ್ಲಿ ತಾರೀಖು ಇರುವ ಮದುವೆ ಕ್ಯಾಸೆಟ್ಟನ್ನು ನೀವೂ ನೋಡಿರುತ್ತೀರಿ. ಆಗ ಅಸಹ್ಯ ಅನಿಸುತ್ತಿತ್ತು. ಈಗ ಅಂಥದ್ದು ಸಿಕ್ಕಿದರೆ ನನಗೆ ಹಬ್ಬ.

ಈ ಒಳಗಿನ ತಾರೀಖು ಕಂಪ್ಯೂಟರಿಗೆ ಬರಬೇಕಾದರೆ ಕ್ಯಾಸೆಟ್ಟನ್ನು ಫೈರ್‌ವೈರ್ ಕೇಬಲ್ಲಿನಿಂದ ಇಳಿಸಿಕೊಳ್ಳಬೇಕು. ಆಗ ಟೇಪಿನ ಮೇಲೆ ಇರುವ ಅಂಕಿಗಳೇ ಹಾಗೆಹಾಗೇ ಬರುತ್ತವೆ. ಗಂಟೆಗೆ ಸುಮಾರು 13 ಜಿಬಿ. ಆದರೆ ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ತೂತೇ ಇಲ್ಲ. ಅದಕ್ಕೇ ಹೆಚ್ಚಿನ ಕಡೆ ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್ ಚುಚ್ಚಿ, ಯುಎಸ್‌ಬಿ ಡಬ್ಬಿಯೊಂದರ ಮೂಲಕ ಇಳಿಸುತ್ತಾರೆ. ಆ ಹಳದಿ ಪಿನ್ನಿನಲ್ಲಿ ಬರುವುದು ಬರೀ ಚಿತ್ರ. ತಾರೀಖು ಕ್ಯಾಮೆರಾದಿಂದ ಹೊರಗೇ ಬರುವುದಿಲ್ಲ. ಮಾಷ್ಟ್ರ ವಿಡಿಯೊಗಳಿಗೆ ಆದದ್ದು ಇದೇ. ಫೈರ್‌ವೈರಿನಿಂದ ಇಳಿಸಿದ್ದರೂ ಆಮೇಲೆ ಎಂಪಿ4ಗೆ ಕನ್ವರ್ಟ್ ಮಾಡುವಾಗ ಹೋಗುತ್ತಿತ್ತು ಅನ್ನಿ. ಹೊಸ ಚಿತ್ರ ಕಟ್ಟುವಾಗ ಹಳೆಯ ಫ್ರೇಮಿನ ಚೀಟಿ ಯಾರಿಗೆ ಬೇಕು?

ಇದರಿಂದ ಎಷ್ಟು ನಷ್ಟ ಅಂತ ನನಗೂ ಮೊದಲು ಹೊಳೆದಿರಲಿಲ್ಲ. ತಾರೀಖು ತಾನೇ, ಸುಮಾರಾಗಿ ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. ಪ್ರತಿ ಕ್ಯಾಸೆಟ್ಟಿನಲ್ಲೂ ಟೈಮ್‌ಕೋಡ್, ಅಂದರೆ ಟೇಪು ಎಷ್ಟು ಓಡಿತು ಅನ್ನುವ ಎಣಿಕೆ, ಸೊನ್ನೆಯಿಂದ ಶುರುವಾಗುತ್ತದೆ. ಒಂಬತ್ತು ಕ್ಯಾಸೆಟ್ಟಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವುದು ಆ ಗಡಿಯಾರದ ಸಮಯ ಒಂದೇ. ಅದು ಹೋದರೆ ಒಂದು ರಾತ್ರಿಯ ಆಟ ಒಂಬತ್ತು ತುಂಡು. ಎರಡು ಪ್ರಸಂಗ ಆಡಿದ ರಾತ್ರಿಯಾದರೆ ಮುಗಿಯಿತು ಕಥೆ.

ಇನ್ನೂ ಒಂದಿದೆ. ರಾತ್ರಿಯಿಡೀ ಹಾಡುವುದು ಒಬ್ಬರೇ ಭಾಗವತರಲ್ಲ. ಸಾಮಾನ್ಯವಾಗಿ ಮೊದಲು ಸಂಗೀತಗಾರರು, ಆಮೇಲೆ ಎರಡನೆಯ ಭಾಗವತರು, ನಡುರಾತ್ರಿ ದಾಟಿದ ಮೇಲೆ ಮುಖ್ಯ ಭಾಗವತರು. ಕ್ಯಾಮೆರಾ ಇರುವುದು ವೇಷದ ಮೇಲೆ. ಹಿಮ್ಮೇಳ ಚೌಕಟ್ಟಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಿವಿ ಪಳಗಿದವರಿಗೆ ಸ್ವರ ಕೇಳಿದರೆ ಗೊತ್ತಾಗುತ್ತದೆ. ಉಳಿದವರಿಗೆ? ಹನ್ನೊಂದು ಗಂಟೆಯದ್ದೋ ಎರಡು ಗಂಟೆಯದ್ದೋ ಅಂತ ಗೊತ್ತಿದ್ದರೆ ಹಾಡಿದ್ದು ಯಾರು ಅಂತ ಅಂದಾಜು ಮಾಡಬಹುದು. ಸಮಯ ಹೋದರೆ ಹಾಡಿದವರ ಹೆಸರೂ ಹೋದ ಹಾಗೆ.

ಈಗ ಗಳಿಗೆ ತಪ್ಪುವ ವಿಷಯ. ಇವತ್ತಿನ ಮಾತಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಎಂಪಿ4 ಫೈಲಿನ ಒಳಗೆ ಹುಟ್ಟಿದ ಸಮಯ ಬರೆಯಲು ಒಂದು ಜಾಗ ಇದೆ. ಅಲ್ಲಿ ತಾರೀಖನ್ನು ನಾವು ಬರೆಯುವ ಹಾಗೆ ಬರೆಯುವುದಿಲ್ಲ. 1904ರ ಜನವರಿ 1ರ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಆಯಿತು ಅಂತ ಒಂದು ಸಂಖ್ಯೆ. ಯಾರೂ ಏನೂ ಬರೆಯದಿದ್ದರೆ ಅಲ್ಲಿ ಸೊನ್ನೆ ಇರುತ್ತದೆ. ಕೆಲವು ಸಾಫ್ಟ್‌ವೇರ್ ಆ ಸೊನ್ನೆಯನ್ನು ಸೊನ್ನೆ ಅನ್ನುವುದಿಲ್ಲ, 1904 ಅಂತ ತೋರಿಸುತ್ತದೆ. ನಿಮ್ಮ ಮಗುವಿನ ನಾಮಕರಣದ ವಿಡಿಯೊ 1904ರದ್ದು ಅಂತ ಕಂಡರೆ ಗಾಬರಿ ಬೇಡ.

ನಿಯಮದ ಪ್ರಕಾರ ಆ ಜಾಗದಲ್ಲಿ ಬರೆಯಬೇಕಾದದ್ದು ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ. ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಈಗಿನ ಫೋನುಗಳು ಸಾಮಾನ್ಯವಾಗಿ ಹಾಗೇ ಬರೆಯುತ್ತವೆ. ಆದರೆ ಎಷ್ಟೋ ಕ್ಯಾಮೆರಾಗಳು ತಮ್ಮ ಗಡಿಯಾರದಲ್ಲಿ ಏನಿದೆಯೋ ಅದನ್ನೇ ಬರೆದುಬಿಡುತ್ತವೆ. ಯಾವ ದೇಶದ ಸಮಯ ಅಂತ ಹೇಳಲು ಆ ಜಾಗದಲ್ಲಿ ಅವಕಾಶವೇ ಇಲ್ಲ. ಓದುವ ಸಾಫ್ಟ್‌ವೇರ್‌ಗಳೂ ಎರಡು ಥರ. ಕೆಲವು ಇದ್ದ ಸಂಖ್ಯೆಯನ್ನು ಹಾಗೇ ತೋರಿಸುತ್ತವೆ. ಕೆಲವು ಇದು ಯುಟಿಸಿಯೇ ಇರಬೇಕು ಅಂತ ನಂಬಿ ಐದೂವರೆ ಗಂಟೆ ಕೂಡಿಸಿ ತೋರಿಸುತ್ತವೆ.

ಮದುವೆಯ ವಿಡಿಯೊಗೆ ಇದರಿಂದ ಅಷ್ಟೇನೂ ತೊಂದರೆ ಇಲ್ಲ. ಬೆಳಿಗ್ಗೆ ಹನ್ನೊಂದರ ಧಾರೆ ಸಂಜೆ ನಾಲ್ಕೂವರೆಗೆ ಆಯಿತು ಅಂತ ಕಂಡೀತು, ದಿನವಂತೂ ಅದೇ. ರಾತ್ರಿಯ ಆಟ ಹಾಗಲ್ಲ. 15ನೇ ತಾರೀಖು ಬೆಳಗಿನ ಜಾವ ಎರಡು ಗಂಟೆ ಹತ್ತು ನಿಮಿಷಕ್ಕೆ ತೆಗೆದ ತುಂಡು ಇದೆ ಅಂತಿಟ್ಟುಕೊಳ್ಳಿ. ಕ್ಯಾಮೆರಾ ಸರಿಯಾಗಿ ಯುಟಿಸಿ ಬರೆದು, ಸಾಫ್ಟ್‌ವೇರ್ ಹಾಗೇ ತೋರಿಸಿದರೆ 14ರ ರಾತ್ರಿ 8:40. ಆಗ ಆಟ ಶುರುವೇ ಆಗಿಲ್ಲ, ಚೌಕಿಯಲ್ಲಿ ಬಣ್ಣ ಹಚ್ಚುತ್ತಿದ್ದಾರೆ! ಅದೇ ಕ್ಯಾಮೆರಾ ನಮ್ಮ ಸಮಯವನ್ನೇ ಬರೆದು, ಸಾಫ್ಟ್‌ವೇರ್ ಐದೂವರೆ ಗಂಟೆ ಕೂಡಿಸಿದರೆ ಬೆಳಿಗ್ಗೆ 7:40. ಆಗ ಮಂಗಳ ಹಾಡಿ, ವೇಷ ಕಳಚಿ, ಜನ ಮನೆಗೆ ಹೋಗಿ ಚಹಾ ಕುಡಿಯುತ್ತಿದ್ದಾರೆ. ಫೈಲು ಒಂದೇ. ಯಾರೂ ಏನೂ ಬದಲಿಸಿಲ್ಲ. ನೋಡುವ ಸಾಫ್ಟ್‌ವೇರ್ ಬದಲಾಯಿತು ಅಷ್ಟೇ.

ಹಾಗಾಗಿ ನಾನು ತಾರೀಖು ಬರೆದಿಡುವಾಗ ಜೊತೆಗೆ ಪ್ಲಸ್ 5:30 ಅಂತ ಬರೆದೇ ಬರೆಯುತ್ತೇನೆ. ಐಫೋನಿನ ವಿಡಿಯೊದಲ್ಲಿ ಯುಟಿಸಿ ಜಾಗದ ಜೊತೆಗೆ ಇನ್ನೊಂದು ಜಾಗ ಇರುತ್ತದೆ. ಅಲ್ಲಿ ಸ್ಥಳೀಯ ಸಮಯ, ಅದರ ವ್ಯತ್ಯಾಸ ಎರಡೂ ಇರುತ್ತವೆ. ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶವೂ ಇರುತ್ತದೆ. ಬಹಳ ಒಳ್ಳೆಯದು. ಆದರೆ ಅದು ಆ ಕಂಪನಿಯವರೇ ಇಟ್ಟ ಹೆಸರಿನ ಜಾಗ. ಕನ್ವರ್ಟ್ ಮಾಡುವ ಸಾಫ್ಟ್‌ವೇರ್‌ಗೆ ಗುರುತು ಸಿಗದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಈಗ ಕನ್ವರ್ಟ್ ಮಾಡುವ ಸಾಫ್ಟ್‌ವೇರ್ ಬಗ್ಗೆ. ನಾವು ಬಳಸುವ ಬಣ್ಣಬಣ್ಣದ ಕನ್ವರ್ಟರ್‌ಗಳಲ್ಲಿ ಎಷ್ಟೋ ಒಳಗೆ ಇರುವುದು ಎಫ್‌ಎಫ್‌ಎಂಪೆಗ್. ಪುಕ್ಕಟೆ ಸಿಗುತ್ತದೆ, ಅದ್ಭುತ ಸಾಧನ. ಆದರೆ ಅದಕ್ಕೆ ಕೆಲವು ಹಠ ಇದೆ. ಸುಮ್ನೆ ಈ ಫೈಲನ್ನು ಆ ಫೈಲು ಮಾಡು ಅಂದರೆ ಅದು ಒಂದು ಚಿತ್ರದ ಹರಿವು, ಒಂದು ಧ್ವನಿಯ ಹರಿವನ್ನು ತಾನೇ ಆರಿಸಿಕೊಳ್ಳುತ್ತದೆ. ಉಳಿದದ್ದನ್ನು ಬಿಡುತ್ತದೆ. ನಿಮ್ಮ ಮೂಲದಲ್ಲಿ ಎರಡು ಧ್ವನಿ ಇತ್ತು, ಒಂದು ಕ್ಯಾಮೆರಾದ ಮೈಕು, ಇನ್ನೊಂದು ಭಾಗವತರ ಮುಂದಿನ ಮೈಕಿನಿಂದ ಬಂದದ್ದು ಅಂತಿಟ್ಟುಕೊಳ್ಳಿ. ಒಂದು ಮಾಯ. ಗೋಪ್ರೋದಂಥ ಕ್ಯಾಮೆರಾದಲ್ಲಿ ಜಿಪಿಎಸ್ ದಾರಿಯೇ ಬೇರೆ ಹರಿವಾಗಿ ಇರುತ್ತದೆ. ಅದೂ ಮಾಯ. ಎಲ್ಲವೂ ಬೇಕು ಅಂತ ಹೇಳಲು ಮ್ಯಾಪ್ ಸೊನ್ನೆ ಅನ್ನುವ ಆಯ್ಕೆ ಕೊಡಬೇಕು.

ತಾರೀಖಿನ ವಿಷಯದಲ್ಲಿ ಅದರ ನಡೆ ಇನ್ನೂ ತಮಾಷೆ. ಶೀರ್ಷಿಕೆ, ಟಿಪ್ಪಣಿ ಇಂಥವನ್ನು ಹೇಳದಿದ್ದರೂ ಹೊಸ ಫೈಲಿಗೆ ತರುತ್ತದೆ. ಹುಟ್ಟಿದ ಸಮಯವನ್ನು ಮಾತ್ರ ಬೇಕೆಂದೇ ಬಿಡುತ್ತದೆ. ಅದರ ತರ್ಕವೂ ಸರಿಯೇ. ಹೊಸ ಫೈಲು ಹುಟ್ಟಿದ್ದು ಈಗ ಅಲ್ವಾ? ಆದರೆ ನಮಗೆ ಬೇಕಾದದ್ದು ಫೈಲು ಹುಟ್ಟಿದ ದಿನವಲ್ಲ, ದೃಶ್ಯ ನಡೆದ ದಿನ. ಮ್ಯಾಪ್ ಮೆಟಾಡೇಟಾ ಸೊನ್ನೆ ಅಂತ ಬಾಯಿಬಿಟ್ಟು ಹೇಳಿದರೆ ಆಗ ತರುತ್ತದೆ. ಕಂಪನಿಯ ಸ್ವಂತ ಹೆಸರಿನ ಜಾಗಗಳು ಎಂಪಿ4ನಲ್ಲಿ ಉಳಿಯಬೇಕಾದರೆ ಮೂವ್‌ಫ್ಲ್ಯಾಗ್ಸ್‌ನಲ್ಲಿ ಯೂಸ್ ಮೆಟಾಡೇಟಾ ಟ್ಯಾಗ್ಸ್ ಅನ್ನುವುದನ್ನೂ ಸೇರಿಸಬೇಕು. ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಳ್ಳಿ. ನಾನು ಹಾಗೇ ಮಾಡಿದ್ದೇನೆ, ನೆನಪಿಟ್ಟುಕೊಳ್ಳಲು ಹೋಗಿಲ್ಲ.

ಇಷ್ಟು ಮಾಡಿದರೂ ಡಿವಿಯ ಫ್ರೇಮಿನ ಒಳಗಿನ ತಾರೀಖು ಬರುವುದಿಲ್ಲ, ನೆನಪಿರಲಿ. ಅದು ಡಬ್ಬಿಯ ಮೇಲಿನ ಚೀಟಿಯಲ್ಲ, ಉಪ್ಪಿನಕಾಯಿಯ ಒಳಗಿನ ಉಪ್ಪು. ಡಬ್ಬಿ ಬದಲಿಸಿದರೆ ಉಳಿಯುತ್ತದೆ. ಉಪ್ಪಿನಕಾಯಿಯನ್ನೇ ಮತ್ತೆ ಅರೆದರೆ ಹೋಗುತ್ತದೆ. ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಕನ್ವರ್ಟ್ ಮಾಡುವುದು ಬೇಕಾ? ಎಷ್ಟೋ ಸಲ ಬೇಕಾದದ್ದು ಹೊದಿಕೆ ಬದಲಿಸುವುದು ಮಾತ್ರ. ಒಳಗಿನ ಚಿತ್ರ, ಧ್ವನಿಯನ್ನು ಮುಟ್ಟದೆ ಕಾಪಿ ಮಾಡುವ ಆಯ್ಕೆ ಇದೆ. ಹತ್ತು ನಿಮಿಷದ ಕೆಲಸ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ಗುಣಮಟ್ಟವೂ ಇಳಿಯುವುದಿಲ್ಲ.

ಆರ್ಕೈವ್ ಅಂದಕೂಡಲೇ ಕೆಲವರು ಎಫ್‌ಎಫ್‌ವಿ1 ಹೆಸರು ಹೇಳುತ್ತಾರೆ. ಅದು ಚಿತ್ರವನ್ನು ಒಂದಿಷ್ಟೂ ಕೆಡಿಸದೆ ಕುಗ್ಗಿಸುವ ಪದ್ಧತಿ. 2021ರಲ್ಲಿ ಅದರ ವಿವರಣೆ ಇಂಟರ್ನೆಟ್ಟಿನ ಅಧಿಕೃತ ದಾಖಲೆಯಾಗಿ, ಆರ್‌ಎಫ್‌ಸಿ 9043 ಅನ್ನುವ ಸಂಖ್ಯೆಯಲ್ಲಿ ಪ್ರಕಟವಾಯಿತು. ಚಿತ್ರ, ಧ್ವನಿ ತುಂಬಿಡುವ ಮಟ್ರೋಸ್ಕಾ ಅನ್ನುವ ಡಬ್ಬಿಗೂ 2024ರಲ್ಲಿ ಅಂಥದ್ದೇ ಮನ್ನಣೆ ಸಿಕ್ಕಿತು. ವಿಎಚ್‌ಎಸ್ ಕ್ಯಾಸೆಟ್ಟು ಇಳಿಸುವುದಾದರೆ ಇವೆರಡರ ಜೋಡಿ ಒಳ್ಳೆಯದು. ಮಟ್ರೋಸ್ಕಾದಲ್ಲಿ ಇನ್ನೊಂದು ಅನುಕೂಲ, ಬೇರೆ ಫೈಲುಗಳನ್ನೂ ಒಳಗೆ ಲಗತ್ತಿಸಬಹುದು. ಕ್ಯಾಸೆಟ್ಟಿನ ಲೇಬಲ್ಲಿನ ಫೋಟೊ, ಆಟದ ಕರಪತ್ರ, ಎಲ್ಲ ಒಂದೇ ಡಬ್ಬಿಯಲ್ಲಿ. ಆದರೆ ಡಿವಿಯನ್ನು ಎಫ್‌ಎಫ್‌ವಿ1 ಮಾಡುವುದು ನನ್ನ ಪ್ರಕಾರ ದಂಡ. ಗಾತ್ರ ದೊಡ್ಡದಾಗುತ್ತದೆ, ಚಿತ್ರ ಚೂರೂ ಸುಧಾರಿಸುವುದಿಲ್ಲ, ಮೇಲಿಂದ ಫ್ರೇಮಿನ ತಾರೀಖು ಹೋಗುತ್ತದೆ. ಡಿವಿ ಡಿವಿಯಾಗಿಯೇ ಇರಲಿ.

ಆಕಾರದ ವಿವರವೂ ಮೆಟಾಡೇಟಾವೇ. ಪಾಲ್ ಡಿವಿಯಲ್ಲಿ ಚಿತ್ರದ ಅಳತೆ 720 ಗುಣಿಸು 576. ನಾಲ್ಕಕ್ಕೆ ಮೂರು ಆಕಾರದ ಟಿವಿಗೂ ಅಷ್ಟೇ, ಹದಿನಾರಕ್ಕೆ ಒಂಬತ್ತು ಆಕಾರದ್ದಕ್ಕೂ ಅಷ್ಟೇ. ಇದನ್ನು ಅಗಲ ಮಾಡಿ ತೋರಿಸು ಅಂತ ಒಂದು ಸಣ್ಣ ಗುರುತು ಇರುತ್ತದೆ. ಅದು ಕಳೆದರೆ ಕಿರೀಟ ವೇಷಗಳೆಲ್ಲ ಬಡಕಲಾಗಿ ಕಾಣುತ್ತವೆ. ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ವಿಡಿಯೊ ಅಡ್ಡ ಮಲಗುವುದೂ ಇಂಥದ್ದೇ ಗುರುತು ಹೋಗಿ. ಇದನ್ನು ಕಣ್ಣಿಗೆ ಕಂಡಕೂಡಲೇ ಸರಿ ಮಾಡಬಹುದು, ಹಾಗಾಗಿ ಇಲ್ಲಿ ಬಿಡುತ್ತೇನೆ.

ಮಿನಿಡಿವಿ ಆದಮೇಲೆ ಬಂದದ್ದು ಮೆಮೊರಿ ಕಾರ್ಡಿನ ಕ್ಯಾಮೆರಾ, ಎವಿಸಿಎಚ್‌ಡಿ. 2006ರಲ್ಲಿ ಸೋನಿ ಮತ್ತು ಪ್ಯಾನಸಾನಿಕ್ ಸೇರಿ ತಂದ ಪದ್ಧತಿ. ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ, ಹೇಳಿಬಿಡುತ್ತೇನೆ. ಕಾರ್ಡ್ ತೆರೆದರೆ ಫೋಲ್ಡರಿನ ಒಳಗೆ ಫೋಲ್ಡರ್, ಅದರ ಒಳಗೆ ಇನ್ನೊಂದು. ಕೊನೆಗೆ ಸ್ಟ್ರೀಮ್ ಅನ್ನುವ ಫೋಲ್ಡರಿನಲ್ಲಿ ಎಂಟಿಎಸ್ ಫೈಲುಗಳು. ಹೆಸರು ಐದು ಸೊನ್ನೆ, ಆಮೇಲೆ ನಾಲ್ಕು ಸೊನ್ನೆ ಒಂದು, ಹೀಗೆ. ನಾನು ಬುದ್ಧಿವಂತನ ಹಾಗೆ ಆ ಎಂಟಿಎಸ್‌ಗಳನ್ನು ಮಾತ್ರ ಎತ್ತಿ ಒಂದು ಕಡೆ ಹಾಕಿದೆ. ಮಾರನೆಯ ದಿನ ಎರಡನೆಯ ಕಾರ್ಡ್. ಅದರಲ್ಲೂ ಹೆಸರು ಐದು ಸೊನ್ನೆಯಿಂದಲೇ ಶುರು. ರಿಪ್ಲೇಸ್ ಮಾಡಲಾ ಅಂತ ಕಂಪ್ಯೂಟರ್ ಕೇಳಿತು. ರಾತ್ರಿ ಹನ್ನೆರಡಾಗಿತ್ತು. ಹೂಂ ಅಂದೆ. ನಮ್ಮ ಮನೆಯ ಗೃಹಪ್ರವೇಶದ ಮೊದಲರ್ಧ ಇವತ್ತಿಗೂ ಇಲ್ಲ. ಹೋಮ ಇಲ್ಲ, ಊಟದ ಪಂಕ್ತಿ ಇದೆ.

ಆ ಪದ್ಧತಿಯಲ್ಲಿ ಕಾರ್ಡಿನ ಇಡೀ ಫೋಲ್ಡರನ್ನು ಹಾಗೇ ಕಾಪಿ ಮಾಡಬೇಕು. ದೊಡ್ಡ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡು ಮಾಡಿ ಇಟ್ಟಿರುತ್ತದೆ. ಯಾವ ತುಂಡು ಯಾವುದಕ್ಕೆ ಸೇರಬೇಕು ಅನ್ನುವ ಪಟ್ಟಿ ಪಕ್ಕದ ಫೋಲ್ಡರಿನಲ್ಲಿರುತ್ತದೆ. ತಾರೀಖು ಮಾತ್ರ ಡಿವಿಯ ಹಾಗೆ ಚಿತ್ರದ ಹರಿವಿನ ಒಳಗೇ ಅಡಗಿರುತ್ತದೆ. ಎಕ್ಸಿಫ್‌ಟೂಲ್ ಅನ್ನುವ ಸಾಧನ ಅದನ್ನು ಓದಿ ಕೊಡುತ್ತದೆ. 2003ರಿಂದ ಬೆಳೆಯುತ್ತಾ ಬಂದಿರುವ ಸಾಧನ ಅದು, ಪುಕ್ಕಟೆ. ಡಿವಿಗಾದರೆ ಮೀಡಿಯಾಇನ್ಫೋ ಮೊದಲ ತಾರೀಖನ್ನು ತೋರಿಸುತ್ತದೆ. ಫ್ರೇಮ್ ಫ್ರೇಮಿಗೂ ಬೇಕಾದರೆ ಡಿವಿರೆಸ್ಕ್ಯೂ ಇದೆ.

ನಾನು ಕೆಲಸ ಮಾಡುವ ಕ್ರಮ ಹೇಳುತ್ತೇನೆ. ಇದೇ ಸರಿ ಅಂತಲ್ಲ, ನನಗೆ ಒಗ್ಗಿದ್ದು. ಮೂಲ ಫೈಲು ಕೈಗೆ ಬಂದಕೂಡಲೇ ಅದರ ಎಸ್‌ಎಚ್‌ಎ256 ತೆಗೆಯುತ್ತೇನೆ. ಅದು ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಹ್ಯಾಶ್ ಸಂಖ್ಯೆ, ಫೈಲಿನ ಹೆಬ್ಬೆಟ್ಟು. ಒಂದು ಬಿಟ್ ಬದಲಾದರೂ ಹೆಬ್ಬೆಟ್ಟು ಬದಲಾಗುತ್ತದೆ. ಆಮೇಲೆ ಎಕ್ಸಿಫ್‌ಟೂಲ್, ಮೀಡಿಯಾಇನ್ಫೋ ಎರಡೂ ಏನೇನು ಹೇಳುತ್ತವೋ ಅಷ್ಟನ್ನೂ, ಬೇಕಾದದ್ದು ಬೇಡದ್ದು ಅಂತ ಆರಿಸದೆ, ಒಂದು ಪಠ್ಯದ ಫೈಲಿನಲ್ಲಿ ಸುರಿದು ವಿಡಿಯೊದ ಪಕ್ಕದಲ್ಲೇ ಅದೇ ಹೆಸರಿನಲ್ಲಿ ಇಡುತ್ತೇನೆ. ಇವತ್ತು ಅರ್ಥವಾಗದ ಸಾಲು ನಾಳೆ ಬೇಕಾಗಬಹುದು. ಎರಡು ಫೈಲು ಸೇರಿದರೂ ಒಂದು ಫೋಟೊದಷ್ಟು ಜಾಗವೂ ಬೇಡ. ಅದಾದ ಮೇಲೆಯೇ ಕನ್ವರ್ಟ್. ಕನ್ವರ್ಟ್ ಆದ ಫೈಲಿಂದಲೂ ಇದೇ ಪಟ್ಟಿ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಏನು ಹೋಗಿದೆ ಅಂತ ಅಲ್ಲಿ ಕಾಣುತ್ತದೆ. ಮೊದಲ ಸಲ ಹೀಗೆ ಹೋಲಿಸಿ ನೋಡಿ, ನಿಮಗೆ ಎದೆ ಧಸಕ್ ಅನ್ನುತ್ತದೆ.

ವಿಂಡೋಸಿನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ ಕಾಣುವ ತಾರೀಖನ್ನು ನಂಬಬೇಡಿ. ಅದು ಫೈಲಿನ ಒಳಗಿನದ್ದಲ್ಲ, ಡಿಸ್ಕಿನ ಲೆಕ್ಕ. ಕಾಪಿ ಮಾಡಿದ ಫೈಲಿಗೆ ಹುಟ್ಟಿದ ದಿನ ಇವತ್ತು, ತಿದ್ದಿದ ದಿನ ಮೂರು ವರ್ಷದ ಹಿಂದೆ. ಹುಟ್ಟುವ ಮೊದಲೇ ತಿದ್ದುಪಡಿ!

ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ? ಇದು ಬಹಳ ಸಾಮಾನ್ಯ. ಒಳಗಿನ ಸಣ್ಣ ಬ್ಯಾಟರಿ ಸತ್ತರೆ ಎಲ್ಲವೂ ಯಾವುದೋ ಜನವರಿ 1ಕ್ಕೆ ಹಾರುತ್ತದೆ. ಆಗ ಫೈಲಿನ ತಾರೀಖನ್ನು ಅಳಿಸಿ ಸರಿಯಾದದ್ದನ್ನು ಬರೆಯುವ ಆಸೆಯಾಗುತ್ತದೆ. ಬರೆಯಬೇಡಿ. ಕ್ಯಾಮೆರಾ ಹೀಗೆ ಹೇಳುತ್ತದೆ, ನಾನು ಹೀಗೆ ಅಂದುಕೊಂಡಿದ್ದೇನೆ, ಯಾಕೆಂದರೆ ಇಂಥ ಕರಪತ್ರದಲ್ಲಿ ಹೀಗಿದೆ ಅಂತ ಪಕ್ಕದ ಫೈಲಿನಲ್ಲಿ ಬರೆಯಿರಿ. ಗಡಿಯಾರ ತಪ್ಪಿದ್ದರೂ ಅದರ ಓಟ ತಪ್ಪಿರುವುದಿಲ್ಲ. ಒಂಬತ್ತು ಕ್ಯಾಸೆಟ್ಟಿನ ಕ್ರಮ ಅದರಿಂದಲೇ ಸಿಗುತ್ತದೆ. ಅಂದಾಜಿನ ತಾರೀಖು ಬರೆಯಲೂ ಒಂದು ರೂಢಿ ಇದೆ. 2003 ಅನ್ನುವ ಅಂಕಿಯ ಬಲಕ್ಕೆ ಪ್ರಶ್ನೆ ಚಿಹ್ನೆ ಹಾಕಿದರೆ ಖಚಿತವಿಲ್ಲ ಅಂತ. ಅಲೆಯಂಥ ಗೆರೆ ಹಾಕಿದರೆ ಸುಮಾರು ಅಂತ. 2019ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಇದನ್ನು ತನ್ನ ತಾರೀಖಿನ ನಿಯಮದಲ್ಲಿ ಸೇರಿಸಿಕೊಂಡಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯಲು ನಮಗೆ ಯಾಕೋ ನಾಚಿಕೆ. ಜನವರಿ 1 ಅಂತ ತುಂಬಿಬಿಡುತ್ತೇವೆ.

ನಮ್ಮ ಕನ್ನಡದವರದ್ದೇ ಒಂದು ತೊಂದರೆಯೂ ಇದೆ. ಮಾಷ್ಟ್ರ ಮಗ 2006ರಲ್ಲಿ ಕ್ಯಾಸೆಟ್ಟುಗಳ ಪಟ್ಟಿ ಟೈಪ್ ಮಾಡಿ ಇಟ್ಟಿದ್ದ. ಒಳ್ಳೆಯ ಹುಡುಗ. ಆದರೆ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ. ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ನಡುವೆ ಕೊಂಬು, ಟೋಪಿ, ಚುಕ್ಕಿ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಬಿಡಿಸುತ್ತಿದ್ದವು, ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಯುನಿಕೋಡಿಗೆ ಬದಲಿಸುವ ಸಾಧನಗಳಿವೆ, ಬದಲಿಸಿದೆವು. ಅರ್ಕಾವೊತ್ತು ಇದ್ದ ಕಡೆ ಕೆಲವು ತಪ್ಪಿತು, ಕೈಯಲ್ಲಿ ತಿದ್ದಿದೆವು. ನೀವು ಈಗ ಬರೆಯುವುದನ್ನು ಯುನಿಕೋಡಿನಲ್ಲೇ ಬರೆಯಿರಿ, ಸಾದಾ ಪಠ್ಯದ ಫೈಲಿನಲ್ಲಿ ಬರೆಯಿರಿ. ವಿಡಿಯೊದ ಒಳಗೆ ಮಾತ್ರ ಬರೆದು ಕೂರಬೇಡಿ.

ಪ್ರಶ್ನೆಗಳು. ಒಬ್ಬರು ಕೇಳಿದರು: ಮೂಲ ಫೈಲನ್ನೇ ಇಟ್ಟುಕೊಂಡರೆ ಇಷ್ಟೆಲ್ಲ ಯಾಕೆ?

ಸರಿಯಾದ ಪ್ರಶ್ನೆ. ಜಾಗ ಇದ್ದರೆ ಇಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಮೂಲವನ್ನು ಓದುವ ಯಂತ್ರ ಎಷ್ಟು ದಿನ? ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ನಿಲ್ಲಿಸಿತು. ಮಿನಿಡಿವಿ ಕ್ಯಾಮೆರಾ ಬೇಕಾದರೆ ಈಗ ಸೆಕೆಂಡ್ ಹ್ಯಾಂಡೇ ಗತಿ. ಇನ್ನೊಂದು, ನೀವು ಮೂಲ ಇಟ್ಟುಕೊಂಡರೂ ನಾಲ್ಕು ಜನರ ಕೈಗೆ ಹೋಗುವುದು ಕನ್ವರ್ಟ್ ಮಾಡಿದ್ದೇ. ನಾಳೆ ನಿಮ್ಮ ಡಿಸ್ಕ್ ಸತ್ತರೆ ಉಳಿಯುವುದು ಅದೇ.

ಇನ್ನೊಬ್ಬರು: ನಮ್ಮ ಆಟದ ವಿಡಿಯೊ ಎಲ್ಲ ವಾಟ್ಸ್ಯಾಪ್ ಗುಂಪಿನಲ್ಲಿದೆ, ಅದು ಸಾಕಲ್ವಾ?

ಸಾಲದು. ಅಲ್ಲಿ ಹಾಕಿದಾಗ ಅದು ವಿಡಿಯೊವನ್ನು ಮತ್ತೆ ಕುಗ್ಗಿಸುತ್ತದೆ, ಒಳಗಿನ ವಿವರವನ್ನೂ ಕೀಳುತ್ತದೆ. ಫೈಲಿನ ಹೆಸರಿನಲ್ಲಿ ಕಾಣುವ ತಾರೀಖು ನಿಮಗೆ ಫೈಲು ಬಂದ ದಿನದ್ದು, ತೆಗೆದ ದಿನದ್ದಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಫೈಲು ಹಾಗೇ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಇಟ್ಟವರು ಟೇಕ್‌ಔಟ್ ಮೂಲಕ ವಾಪಸ್ ತೆಗೆದಾಗ ಪ್ರತಿ ವಿಡಿಯೊ ಜೊತೆ ಜೇಸನ್ ಅನ್ನುವ ಸಣ್ಣ ಫೈಲು ಬರುತ್ತದೆ. ಕಸ ಅಂತ ಅಳಿಸುತ್ತಾರೆ. ತೆಗೆದ ತಾರೀಖು ಅದರಲ್ಲಿರುತ್ತದೆ.

ವಕೀಲರೊಬ್ಬರು ಬಂದಿದ್ದರು. ಹೆಬ್ಬೆಟ್ಟಿನ ಮಾತು ಬಂದಾಗ ಅವರೇ ಒಂದು ವಿಷಯ ಸೇರಿಸಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೋರ್ಟಿಗೆ ಕೊಡುವ ಪ್ರಮಾಣಪತ್ರದ ನಮೂನೆಯಲ್ಲಿ ಈ ಹ್ಯಾಶ್ ಸಂಖ್ಯೆಗೇ ಜಾಗ ಇದೆಯಂತೆ. ನಾವು ಆಟದ ಕ್ಯಾಸೆಟ್ಟಿಗೆ ಮಾಡುತ್ತಿದ್ದುದನ್ನೇ ಅವರು ಸಿಸಿಟಿವಿಗೆ ಮಾಡುತ್ತಾರೆ.

ಮಾಷ್ಟ್ರ ಕಥೆ ಏನಾಯಿತು ಅಂತ ಕೊನೆಗೆ ಎಲ್ಲರೂ ಕೇಳಿದರು. ಕ್ಯಾಸೆಟ್ಟುಗಳನ್ನು ಅವರು ಎಸೆದಿರಲಿಲ್ಲ, ಪುಣ್ಯ. ಹಳೆಯ ಕ್ಯಾಮೆರಾ ಒಂದನ್ನೂ ಫೈರ್‌ವೈರ್ ಕಾರ್ಡ್ ಇರುವ ಹಳೆಯ ಕಂಪ್ಯೂಟರ್ ಒಂದನ್ನೂ ಹೊಂದಿಸಿ, ಬೂಸಲು ಇಲ್ಲದವನ್ನು ಮತ್ತೆ ಇಳಿಸಿದೆವು. ಫೆಬ್ರವರಿಯ ಆಟದ ಒಂಬತ್ತರಲ್ಲಿ ಏಳು ಸಿಕ್ಕಿತು. ಕ್ರಮವೂ ಸಿಕ್ಕಿತು. ಅವರು ಹುಡುಕುತ್ತಿದ್ದ ಪದ್ಯ ಇದ್ದ ತುಂಡಿನ ಒಳಗಿನ ತಾರೀಖು 2004ರ ಫೆಬ್ರವರಿ 15, ಬೆಳಗಿನ ಜಾವ 2:10.

ಮಾಷ್ಟ್ರು ಒಪ್ಪಲಿಲ್ಲ. ಒಳಗೆ ಹೋಗಿ ತಮ್ಮ ಡೈರಿ ತಂದರು. ನೀಲಿ ಇಂಕಿನಲ್ಲಿ ಬರೆದಿದ್ದರು: 14, ಶನಿವಾರ, ರಾತ್ರಿ ಆಟ. "ನಿನ್ನ ಮೆಷಿನ್ ಒಂದು ದಿನ ಮುಂದೆ ಓಡ್ತಾ ಉಂಟು" ಅಂದರು.

ನಾನು ಬಾಯಿ ತೆರೆದೆ, ಮುಚ್ಚಿದೆ. ಊರಿನವರಿಗೆ ಸೂರ್ಯ ಹುಟ್ಟುವ ತನಕ ಅದು 14ನೇ ತಾರೀಖೇ. ಕರಪತ್ರದಲ್ಲೂ 14, ಆಟ ಆಡಿಸಿದವರ ಲೆಕ್ಕದ ಪುಸ್ತಕದಲ್ಲೂ 14. ಮೊಮ್ಮಗ ಯಾರಾದರೂ ಹುಡುಕಿಕೊಂಡು ಬಂದರೆ 14 ಅಂತಲೇ ಹುಡುಕುತ್ತಾನೆ. ಫ್ರೇಮಿನ ಒಳಗಿನ 15ನ್ನು ಮುಟ್ಟಲಿಲ್ಲ. ಪಕ್ಕದ ಫೈಲಿನಲ್ಲಿ ಎರಡು ಸಾಲು ಬರೆದೆ. ಕ್ಯಾಮೆರಾದ ಪ್ರಕಾರ: 15 ಫೆಬ್ರವರಿ 2004, 02:10, ಪ್ಲಸ್ 5:30. ಮಾಷ್ಟ್ರ ಡೈರಿಯ ಪ್ರಕಾರ: 14ರ ರಾತ್ರಿಯ ಆಟ. ಓದಿ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು ತಾವೇ ಒಮ್ಮೆ ಓದಿದರು. ಮದ್ದಳೆಯವರ ಹೆಸರು ಬಿಟ್ಟಿದ್ದೀಯಲ್ಲ, ಬರಿ ಅಂದರು.